ಖಾಲಿ ಕಾರನ್ನು ನಂಬದವನು

ಕಾರಿನ ಚಕ್ರಗಳನ್ನು ನೇರಕ್ಕೆ ಕೂರಿಸುವ ಈ ಅಲೈನ್‌ಮೆಂಟ್ ಮೇಸ್ತ್ರಿಗೆ ಖಾಲಿ ಕಾರು ಕಂಡರೆ ಆಗದು. ಗ್ಯಾರೇಜಿಗೆ ಬಂದವರು ಬಾಗಿಲು ತೆರೆದರೆ ಸಾಕು, ದರ್ಜಿಯ ಟೇಪಿನಂತೆ ಕೊರಳಲ್ಲಿ ನೇತಾಡುವ ಅಳತೆಯ ದಾರವನ್ನು ಝಾಡಿಸಿ, "ಇಳೀಬೇಡಿ! ಖಾಲಿ ಕಾರು ಸುಳ್ಳು ಹೇಳತ್ತೆ" ಎಂದು ಗದರುತ್ತಾನೆ. ದಿನಾ ಯಾರು ಎಲ್ಲಿ ಕೂರುತ್ತಾರೋ ಅಲ್ಲೇ ಕೂರಬೇಕು. ಒಮ್ಮೆ ಗಿರಾಕಿಯೊಬ್ಬನ ಅಜ್ಜಿಯನ್ನು ಮನೆಯಿಂದ ಕರೆಸಿ, ಆಕೆಯ ಕೈಚೀಲವನ್ನೂ ಮಡಿಲಲ್ಲಿ ಇಡಿಸಿದ್ದನಂತೆ. ಇಂಥವನ ಮುಂದೆ ಇವತ್ತು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿಸಿದ ಹಳೇ ಸ್ಪೋರ್ಟ್ಸ್ ಕಾರೊಂದು ಒಂದೇ ಪಕ್ಕಕ್ಕೆ ಎಳೆಯುತ್ತಾ ಬಂದು ನಿಂತಿತು. ಓಡಿಸುತ್ತಿದ್ದವಳು ಮಗಳು, ಪಕ್ಕದ ಸೀಟಿನಲ್ಲಿ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದವರು, ಕಣ್ಣು ಮಂಜಾಗುವವರೆಗೆ ಮೂವತ್ತು ವರ್ಷ ಅದನ್ನು ತಾವೇ ಓಡಿಸಿದ ದಢೂತಿ ಅಪ್ಪ. "ಅಪ್ಪ ಬಿಟ್ಟು ನಾನು ಓಡಿಸೋಕೆ ಶುರು ಮಾಡಿದಾಗಿನಿಂದ ಹೀಗೇ ಎಳೆಯತ್ತೆ. ಮೂರು ಕಡೆ ಕಂಪ್ಯೂಟರ್‌ನಲ್ಲಿ ನೋಡಿಸಿದ್ವಿ, ಸರಿಹೋಗಲಿಲ್ಲ" ಎಂದಳು ಮಗಳು. "ನಿಮ್ಮಿಬ್ಬರನ್ನೂ ಇಳಿಸಿ ನೋಡಿದ್ರು ತಾನೆ?" "ಹೌದು." "ಮತ್ತಿನ್ನೇನು! ಯಜಮಾನ್ರು ಸೀಟು ಬದಲಾಯಿಸಿದ್ದು ಕಾರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ" ಎಂದವನೇ, ಇಬ್ಬರನ್ನೂ ಕೂತಲ್ಲೇ ಕೂರಿಸಿ, ಎರಡೂ ಪಕ್ಕ ದಾರ ಕಟ್ಟಿ, ಚಕ್ರದ ಬಳಿ ಅಂಗಾತ ಮಲಗಿ, ನಟ್ಟನ್ನು ಕೂದಲೆಳೆಯಷ್ಟು ತಿರುಗಿಸುವುದು, ಅಳೆಯುವುದು, ಮತ್ತೆ ತಿರುಗಿಸುವುದು, ಹೀಗೆ ಮಧ್ಯಾಹ್ನ ಮಾಡಿದ. ಆಮೇಲೆ ಕಾರನ್ನು ಎದುರಿನ ಬರಿದಾದ ರಸ್ತೆಯಲ್ಲಿ ಓಡಿಸಲು ಹೇಳಿ, ತಾನು ಅಂಚಿನಲ್ಲಿ ಕೂತು, "ಕೈ ಬಿಡಮ್ಮಾ!" ಎಂದು ಕೂಗಿದ. ಮಗಳು ಸ್ಟೀರಿಂಗಿನಿಂದ ಎರಡೂ ಕೈ ಎತ್ತಿದಳು. ಕಾರು ಬಿಗಿದ ದಾರದ ಹಾಗೆ ನೆಟ್ಟಗೆ ಬಂತು. ಅವಳು ಕೇಕೆ ಹಾಕಿದಳು, ಗ್ಯಾರೇಜಿನವರೆಲ್ಲ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಮಾತ್ರ ಚಕ್ರ ನೋಡಲಿಲ್ಲ. ಅಪ್ಪನ ಕಿಟಕಿಯನ್ನೇ ನೋಡುತ್ತಿದ್ದ. ಬಾಗಿಲ ಹಿಡಿಯಿಂದ ಆ ದಪ್ಪ ಕೈ ಮೆಲ್ಲಗೆ ಸಡಿಲಾಗಿ ತೊಡೆಯ ಮೇಲೆ ಬಂದು ಕೂತಾಗಲೇ ಅವನು ದಾರವನ್ನು ಕೊರಳಿಗೆ ಹಾಕಿಕೊಂಡು, "ಹ್ಞಾಂ, ಈಗ ಸರಿಹೋಯ್ತು" ಎಂದದ್ದು.