ಬಲಗಡೆಯ ಮಚ್ಚೆ

ಬೀದಿಯವರೆಲ್ಲ ಕತ್ತರಿ ಎಂದೇ ಕರೆಯುವ ಕ್ಷೌರಿಕ ತನ್ನ ಅಂಗಡಿಗೆ ಬೀಗ ಜಡಿದು ಊರು ಬಿಟ್ಟು ಹೊರಟ ದಿನ ಬೀದಿಯೇ ಬೆರಗಾಗಿ ನಿಂತಿತ್ತು. ಹಾಕಿದ ಬೀಗವನ್ನು ತಾನು ಜಗ್ಗಿ ನೋಡಿದ್ದಲ್ಲದೆ, ಎದುರಿನ ಚಪ್ಪಲಿ ಅಂಗಡಿಯವನನ್ನು ಕರೆದು ಅವನಿಂದಲೂ ಜಗ್ಗಿಸಿದ. ಊರಿನ ಅರ್ಧದಷ್ಟು ತಲೆಗಳನ್ನು ಆಳುವ ದೊರೆ ರಾಜಧಾನಿ ಬಿಟ್ಟು ಹೊರಡುವಾಗ ಅಷ್ಟಾದರೂ ಬೇಡವೇ? ಹೆಗಲಿಗೆ ಚರ್ಮದ ಚೀಲ. ಚೀಲದೊಳಗೆ ಕತ್ತರಿ, ಬಾಚಣಿಗೆ ಮತ್ತು ಗಿರಾಕಿಗಳಿಗೆ ಹಿಂದಲೆ ತೋರಿಸುವ ಕೈಗನ್ನಡಿ.

"ಸ್ಮಾರಕ ನೋಡೋಕೆ ಹೋಗ್ತಾ ಇದೀವಿ ಕಣೋ, ಮದುವೆ ಮನೆಗಲ್ಲ. ಈ ಸಾಮಾನೆಲ್ಲ ಯಾಕೆ?" ಎಂದರು ಬಸ್ಸಿನಲ್ಲಿ ಪಕ್ಕ ಕೂತ ಅತ್ತಿಗೆ.

"ಸಿಪಾಯಿ ಬಂದೂಕು ಮನೇಲಿಟ್ಟು ಹೋಗ್ತಾನಾ ಅತ್ತಿಗೆ?"

"ಆಹಾ ಸಿಪಾಯಿ! ಜಿರಳೆ ಕಂಡ್ರೆ ಕುರ್ಚಿ ಹತ್ತೋನು."

ಅತ್ತಿಗೆ ಎಂದರೆ ಒಡಹುಟ್ಟಿದವನ ಹೆಂಡತಿಯಲ್ಲ, ಅಂಗಡಿಯ ಜೊತೆಗಾರನ ಹೆಂಡತಿ. ಆ ಜೊತೆಗಾರನಿಗೆ ಬೀದಿ ಇಟ್ಟ ಹೆಸರು ಬಾಚಣಿಗೆ. ಅಪ್ಪ ಅಮ್ಮ ಇಟ್ಟ ಹೆಸರುಗಳು ಇಬ್ಬರಿಗೂ ಇದ್ದವು. ಆದರೆ ಅವು ಮತದಾರರ ಚೀಟಿಯಿಂದಾಚೆಗೆ ಎಂದೂ ತಲೆ ಹಾಕಿರಲಿಲ್ಲ.

ಆ ಅಂಗಡಿಯ ವೈಭವವನ್ನು ಏನೆಂದು ಹೇಳುವುದು! ಗೋಡೆಯುದ್ದಕ್ಕೂ ಒಂದೇ ಕನ್ನಡಿ. ಅದರ ಮುಂದೆ ಅಕ್ಕಪಕ್ಕ ಎರಡು ಸಿಂಹಾಸನ, ಅಂದರೆ ರೆಕ್ಸಿನ್ ಹರಿದು ನಾರು ಇಣುಕುವ ಎರಡು ಕುರ್ಚಿ. ತಲೆಯ ಮೇಲೆ ಗಾಳಿಗಿಂತ ಸದ್ದನ್ನೇ ಹೆಚ್ಚು ಬೀಸುವ ಫ್ಯಾನು. ಪೌಡರ್ ಮತ್ತು ಸೋಪಿನ ನೊರೆಯ ವಾಸನೆ. ಕೆಲಸ ಕಲಿಸಿದ ಗುರು ಮೊದಲ ದಿನವೇ ಇಬ್ಬರ ಕಿವಿ ಹಿಂಡಿ ಒಂದು ಶಾಸನ ಹೊರಡಿಸಿದ್ದ: "ಕೈಯಲ್ಲಿ ಕತ್ತಿ ಇದ್ದಾಗ ಕತ್ತು ತಿರುಗಿಸಬೇಡಿ. ನೀವು ಆ ಕಡೆ ತಿರುಗಿದ್ರೆ ಗಿರಾಕಿ ಕಿವಿ ಈ ಕಡೆ ಬೀಳುತ್ತೆ. ಮಾತಾಡೋದಿದ್ರೆ ಕನ್ನಡಿ ನೋಡ್ಕೊಂಡು ಮಾತಾಡಿ."

ಅಂದಿನಿಂದ ಅವರ ಸಂಸಾರವೆಲ್ಲ ಕನ್ನಡಿಯಲ್ಲೇ. ಜಗಳ ಕನ್ನಡಿಯಲ್ಲಿ, ರಾಜಿ ಕನ್ನಡಿಯಲ್ಲಿ. ಗಿರಾಕಿ ಬುರುಡೆ ಬಿಡತೊಡಗಿದರೆ ಬಾಚಣಿಗೆಯ ತುಟಿಯ ಬಲಮೂಲೆ ಕನ್ನಡಿಯಲ್ಲಿ ಮೇಲೇಳುತ್ತಿತ್ತು. ಅದರ ಜೊತೆಗೆ ಬಲಗೆನ್ನೆಯ ಮಚ್ಚೆಯೂ ಕುಣಿಯುತ್ತಿತ್ತು. ಅದನ್ನು ಕಂಡರೆ ಕತ್ತರಿಗೆ ನಗು ತಡೆಯಲಾಗುತ್ತಿರಲಿಲ್ಲ. ನಗು ನುಂಗಿ ನುಂಗಿಯೇ ತನಗೆ ಹೊಟ್ಟೆ ಬಂತೆಂದು ಅವನು ಇಂದಿಗೂ ಹೇಳುತ್ತಾನೆ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಅದೇ ಕುರ್ಚಿಗಳಲ್ಲಿ ಕೂತು, ಬುತ್ತಿ ಬಿಚ್ಚಿ, ಕನ್ನಡಿಯ ಕಡೆ ಮುಖ ಮಾಡಿಯೇ ಇಬ್ಬರೂ ಉಣ್ಣುತ್ತಿದ್ದರು. ಸಂಜೆ ಉದುರಿದ ಕೂದಲು ಗುಡಿಸುವ ಸರದಿ ಯಾರದೆಂದು ಮಾತ್ರ ದಿನಾ ಯುದ್ಧ.

ಒಂದು ಬೆಳಿಗ್ಗೆ ಬಾಚಣಿಗೆ, "ಕುರ್ಚಿಗೆ ಹೊಸ ರೆಕ್ಸಿನ್ ತರ್ತೀನಿ. ಇವತ್ತು ನೀನೇ ಗುಡಿಸು," ಎಂದು ಹೇಳಿ ಆಚೆ ದಡದ ಪೇಟೆಗೆ ಹೋಗುವ ಹಡಗು ಹತ್ತಿದ. ಸರದಿ ಅವನದೇ ಆಗಿತ್ತು. ಆ ಹಡಗು ದಡ ಸೇರಲಿಲ್ಲ. ಮಂಜಿನಲ್ಲಿ ಬಂಡೆಗೆ ಬಡಿದು, ತುಂಬಿದ ಜನರೊಂದಿಗೆ ಮುಳುಗಿತು. ದೇಶವೇ ಅತ್ತಿತು. ಬಾವುಟಗಳು ಅರ್ಧಕ್ಕಿಳಿದವು. ರೇಡಿಯೋ ಹಾಡು ನಿಲ್ಲಿಸಿತು. ಮುಂದೆ ಸರ್ಕಾರ ಆ ದಡದಲ್ಲಿ ಕರಿಕಲ್ಲಿನ ಗೋಡೆ ಎಬ್ಬಿಸಿ, ಸತ್ತವರೆಲ್ಲರ ಹೆಸರು, ಮುಖ ಕೆತ್ತಿಸಿತು. ಬಾಚಣಿಗೆಯದೆಂದು ಇದ್ದ ಒಂದೇ ಒಂದು ಫೋಟೋವನ್ನು ಅತ್ತಿಗೆ ಅದಕ್ಕೇ ಕೊಟ್ಟುಬಿಟ್ಟರು.

ಅವರು ವರ್ಷ ವರ್ಷವೂ ಹೋಗಿ ಬರುತ್ತಿದ್ದರು. ಕತ್ತರಿ ಮಾತ್ರ ಒಮ್ಮೆಯೂ ಹೋಗಲಿಲ್ಲ. "ಗಿರಾಕಿಗಳಿದಾರೆ ಅತ್ತಿಗೆ" ಎನ್ನುವನು. ಗಿರಾಕಿ ನೆಪ ಅಷ್ಟೆ. ತಲೆ ಎತ್ತಿದರೆ ಕನ್ನಡಿಯ ಆ ಅರ್ಧದಲ್ಲಿ ಅವನಿಗೆ ಜೊತೆಗಾರ ಕಾಣುತ್ತಲೇ ಇದ್ದ. ಕಣ್ಣೆದುರೇ ಇರುವವನ ಸ್ಮಾರಕಕ್ಕೆ ಯಾರು ಹೋಗುತ್ತಾರೆ? ಆದರೆ ಈ ವರ್ಷ ಕನ್ನಡಿಯ ಆ ಮುಖ ಸವೆಯತೊಡಗಿತು. ಮೊದಲು ಕಿವಿ ಹೋಯಿತು, ಆಮೇಲೆ ಮೂಗು. ಕೊನೆಗೆ ಉಳಿದದ್ದು ಬಲಗಡೆಯ ಮಚ್ಚೆ, ಬಲಗಡೆ ಎದ್ದ ತುಟಿ, ಇಷ್ಟೇ. ಅದೂ ಹೋಗುವ ಮೊದಲು ಒಮ್ಮೆ ಅವನ ಮುಖ ನೋಡಿಬಿಡಬೇಕು. ಹೆದರಿ, ಚಪ್ಪಲಿ ಅದಲು ಬದಲು ಮೆಟ್ಟಿ ಅತ್ತಿಗೆಯ ಮನೆಗೆ ಓಡಿದ. "ಈ ಸಲ ನಾನೂ ಬರ್ತೀನಿ."

ಸ್ಮಾರಕದ ಬಾಗಿಲಲ್ಲಿ ಕಾವಲಿನವನು ಚೀಲ ತಡಕಿ ಕತ್ತರಿ ಹೊರತೆಗೆದ.

"ಇದೇನ್ರೀ?"

"ಅದು ನನ್ನ ಬಲಗೈ," ಎಂದ ಕತ್ತರಿ.

"ಬಲಗೈ ಇಲ್ಲೇ ಇರಲಿ. ಹೋಗ್ತಾ ತಗೊಂಡು ಹೋಗಿ," ಎಂದು ಕಾವಲಿನವನು ಕತ್ತರಿಯನ್ನು ಮೇಜಿನ ಮೇಲಿಟ್ಟುಕೊಂಡ. ಚೀಲದಲ್ಲುಳಿದ ಬಾಚಣಿಗೆಗೂ ಕೈಗನ್ನಡಿಗೂ ಅಭಯ ಸಿಕ್ಕಿತು.

ಇಬ್ಬರೂ ಒಳಗೆ ಕಾಲಿಟ್ಟರು. ಉದ್ದಕ್ಕೂ ಕಪ್ಪು ಗೋಡೆ, ಅದರ ತುಂಬ ಮುಖಗಳು. ಒಬ್ಬ ಮುದುಕ ಕಲ್ಲಿನ ಹುಡುಗಿಯೊಬ್ಬಳ ಹಣೆಯನ್ನು ಕರವಸ್ತ್ರದಿಂದ ಒರೆಸುತ್ತಿದ್ದ, ಶಾಲೆಗೆ ಕಳಿಸುವ ಮೊದಲು ಒರೆಸುವ ಹಾಗೆ. ಇಷ್ಟು ತಲೆಗಳನ್ನು ಒಟ್ಟಿಗೆ ಕಂಡೂ ಕತ್ತರಿಯ ಕೈ ಕೆಲಸಕ್ಕೆ ತುರಿಸಲಿಲ್ಲ.

"ಇಲ್ಲಿ ನೋಡು," ಎಂದರು ಅತ್ತಿಗೆ.

ನೋಡಿದ. ಯಾರೋ ಅಪರಿಚಿತ. ಮಚ್ಚೆ ಎಡಗಡೆ! ಬೈತಲೆ ಆ ಬದಿಯಿಂದ ಈ ಬದಿಗೆ ನೆಗೆದಿದೆ. ನಗುವೂ ತಪ್ಪು ಮೂಲೆಯಲ್ಲಿ.

"ಅತ್ತಿಗೆ, ಕೆಟ್ಟಿತು ಕೆಲಸ! ಫೋಟೋ ಉಲ್ಟಾ ಹಾಕಿ ಕೆತ್ತಿದಾರೆ. ಎಲ್ಲಿ ಆ ಅಧಿಕಾರಿ? ಕರೀರಿ ಅವನನ್ನ!"

"ಮೆತ್ತಗೆ ಮಾತಾಡೋ. ಎಲ್ಲಾ ಸರಿಯಾಗೇ ಇದೆ."

"ಏನು ಸರಿ? ಜೀವಮಾನವೆಲ್ಲ ಪಕ್ಕದಲ್ಲಿ ನಿಂತಿದ್ದೋನು ನಾನು. ನಂಗೊತ್ತಿಲ್ವಾ?"

"ಜೀವಮಾನವೆಲ್ಲ ಎದುರಿಗೆ ಕೂತಿದ್ದೋಳು ನಾನು. ಊಟಕ್ಕೆ ಕೂತಾಗ ದಿನಾ ನೋಡ್ತಿದ್ದ ಮುಖ ಇದೇ ಕಣೋ. ಮಚ್ಚೆ ಇಲ್ಲೇ ಇತ್ತು."

ಕತ್ತರಿ ಎಂಥೆಂಥ ವಾದಗಳನ್ನು ಗೆದ್ದವನು. ಈ ವಾದ ಮಾತ್ರ ಗೆಲ್ಲುವಂಥದ್ದಲ್ಲ. ಅತ್ತಿಗೆಗೆ ತಪ್ಪುವ ಸಂಭವವಿರಲಿಲ್ಲ. ಹಾಗಾದರೆ ತನ್ನ ಬಳಿ ಉಳಿದಿದ್ದ ಆ ಎರಡೇ ಗುರುತುಗಳೂ ಸುಳ್ಳೇ? ತನಗೆ ಅವನ ಮುಖ ಮರೆತೇಹೋಗಿದೆ ಎಂದಾಯಿತಲ್ಲ! ಗೋಡೆಯೆದುರಿನ ಕಲ್ಲುಬೆಂಚಿನ ಮೇಲೆ, ಗೋಡೆಗೆ ಬೆನ್ನು ಹಾಕಿ ಧೊಪ್ಪನೆ ಕೂತ.

ಕಣ್ಣು ಉರಿಯಿತು. ಅತ್ತ ಮುಖ ಹೊತ್ತು ಕಾವಲಿನವನ ಮುಂದೆ ಹಾದುಹೋಗುವುದು ದೊರೆತನಕ್ಕೆ ಶೋಭೆಯಲ್ಲ. ಎಷ್ಟು ಕೆಂಪಾಗಿದೆ ನೋಡೋಣವೆಂದು ಚೀಲದಿಂದ ಕೈಗನ್ನಡಿ ತೆಗೆದು ಮುಖದ ಮುಂದೆ ಹಿಡಿದ.

ಹೆಗಲ ಹಿಂದೆ ಬಾಚಣಿಗೆ ನಿಂತಿದ್ದ.

ಮಚ್ಚೆ ಬಲಗಡೆ. ತುಟಿ ಬಲಗಡೆ. ಬೈತಲೆ ಇರಬೇಕಾದಲ್ಲೇ. ಕಳೆದುಹೋಗಿದ್ದ ಮೂಗು, ಕಿವಿ ಎಲ್ಲ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು.

"ಎಲ್ಲಿ ಹಾಳಾಗಿ ಹೋಗಿದ್ಯೋ!" ಎಂಬ ಮಾತು ಕತ್ತರಿಯ ಬಾಯಿಂದ ಜಾರಿತು. ಬಾಚಣಿಗೆಯನ್ನು ತಾನು ನೇರವಾಗಿ ನೋಡಿದ್ದೇ ಅಪರೂಪವೆಂದು ಅವನಿಗೆ ಆಗ ಹೊಳೆಯಿತು. ಅವನು ಬಲ್ಲ ಮುಖ ಅಂಗಡಿಯ ಕನ್ನಡಿಯಲ್ಲಿ ಮಾತ್ರ ಇತ್ತು.

ಯಾರ ಜೊತೆ ಮಾತಾಡುತ್ತಿದ್ದಾನೆಂದು ಅತ್ತಿಗೆ ಬಂದು ಬಗ್ಗಿ ಕನ್ನಡಿಯಲ್ಲಿ ಇಣುಕಿದರು. "ಅಯ್ಯೋ, ಇದ್ಯಾರೋ! ನಮ್ಮನೆಯವರಲ್ಲ ಕಣೋ ಇದು."

"ಅಲ್ಲ ಅತ್ತಿಗೆ. ಇವನು ನಮ್ಮಂಗಡಿಯವನು."

ಅತ್ತಿಗೆ ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡು ಅವನ ಪಕ್ಕ, ಗೋಡೆಯ ಕಡೆ ಮುಖ ಮಾಡಿ ಕೂತರು. ಕತ್ತರಿ ಕನ್ನಡಿಯ ಕಡೆ, ಅವರು ಕಲ್ಲಿನ ಕಡೆ. ಒಬ್ಬನನ್ನೇ ಇಬ್ಬರೂ ಬಹಳ ಹೊತ್ತು ನೋಡಿದರು.

ಆಮೇಲೆ ಕತ್ತರಿ ಕನ್ನಡಿಯನ್ನು ತುಸು ವಾಲಿಸಿ, ಪಿಸುದನಿಯಲ್ಲಿ ದೂರು ಕೊಟ್ಟ. "ಲೋ, ಅವತ್ತು ನಿನ್ನ ಸರದಿ ಕಣೋ. ಆಗಿನಿಂದ ನಾನೇ ಗುಡಿಸ್ತಾ ಇದೀನಿ."

"ಏನಂದ್ರು?" ಎಂದರು ಅತ್ತಿಗೆ, ಕಲ್ಲಿನಿಂದ ಕಣ್ಣು ತೆಗೆಯದೆ.

"ಏನಂತಾನೆ? ಇವತ್ತೂ ನೀನೇ ಗುಡಿಸು ಅಂತಾನೆ."