ಬೆಳೆಯುವ ಮಕ್ಕಳಿಗೆ ಬಂದೂಕು ಅಳೆಯುವಾಕೆ

ಬೆಳಗಿನ ಆರೂ ಆಗಿಲ್ಲ. ಶೂಟಿಂಗ್ ರೇಂಜಿನ ಉದ್ದನೆಯ ಶೆಡ್ಡಿನಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಕೊರಳಿಗೆ ಟೇಪು ಹಾಕಿಕೊಂಡ ಐವತ್ತೆಂಟರ ಹೆಂಗಸೊಬ್ಬರು ರೈಫಲ್ಲಿನ ಬೋಲ್ಟ್ ಹಿಂದಕ್ಕೆಳೆದು, ಗುಂಡು ಕೂರುವ ಜಾಗಕ್ಕೆ ಬಗ್ಗಿ ನೋಡಿ, ಕಿರುಬೆರಳಿನ ತುದಿಯಿಂದ ತಡವುತ್ತಾರೆ. "ಖಾಲಿ," ಎಂದು ಗಟ್ಟಿಯಾಗಿ ಹೇಳುತ್ತಾರೆ. ಎದುರಿಗೆ ನಿಂತ ಹನ್ನೆರಡರ ಹುಡುಗಿಯೂ ತಡವಿ "ಖಾಲಿ" ಎನ್ನಬೇಕು. ಆಮೇಲೆ ಅವಳ ಅಪ್ಪ. ಮೂರು ಬಾಯಿಂದ ಆ ಮಾತು ಬರುವವರೆಗೆ ಅಳತೆ ಶುರುವಾಗುವುದಿಲ್ಲ.

ಅಪ್ಪನಿಗೆ ಅವಸರ. "ನಿನ್ನೆನೇ ನೋಡಿದ್ವಲ್ಲಮ್ಮ."

"ನಿನ್ನೆಯದು ನಿನ್ನೆಗಾಯ್ತು. ಬೆರಳು ಹಾಕಿ ಸ್ವಾಮಿ, ಕಚ್ಚಲ್ಲ."

ಇಲ್ಲಿ ಎಲ್ಲರಿಗೂ ಇವರು ಅಳತೆಯಮ್ಮ. ಭುಜಕ್ಕೊತ್ತಿ, ಕೆನ್ನೆಯಿಡುವ ರೈಫಲ್ಲಿನ ಹಿಂಭಾಗಕ್ಕೆ ಸ್ಟಾಕ್ ಎನ್ನುತ್ತಾರೆ. ಅದನ್ನು ಆರಿಸಿ ಮಕ್ಕಳ ಮೈಗೆ ಹೊಂದಿಸುವುದು ಇವರ ಕೆಲಸ. ಸುಮಾರು ನಲವತ್ತು ಮಕ್ಕಳು, ದಿನಕ್ಕೆ ಏಳೆಂಟು ಅಳತೆ. ಪದಕ ಗೆದ್ದವರ ಫೋಟೊಗಳು ಗೋಡೆ ತುಂಬ ಇವೆ. ಅವುಗಳಲ್ಲೊಂದರ ಅಂಚಿನಲ್ಲಿ ಯಾರದೋ ಮೊಣಕೈ ಕಾಣುತ್ತದೆ. "ಅದು ನಂದೇ. ಮುಖಕ್ಕಿಂತ ಚೆನ್ನಾಗಿ ಬಂದಿದೆ," ಎಂದು ನಗುತ್ತಾರೆ.

ಮೂಲದಲ್ಲಿ ಇವರು ದರ್ಜಿ. ಗಂಡ ಏಣಿಯಿಂದ ಬಿದ್ದು ಹಾಸಿಗೆ ಹಿಡಿದ ಮೇಲೆ ಮನೆ ನಡೆದದ್ದು ಹೊಲಿಗೆ ಮಿಷಿನ್ನಿನಿಂದ. ಇಪ್ಪತ್ತು ವರ್ಷದ ಹಿಂದೆ ಶೂಟಿಂಗ್ ಜಾಕೆಟ್ಟುಗಳ ಕಿತ್ತುಹೋದ ಚರ್ಮದ ಪಟ್ಟಿ ಹೊಲಿಯಲು ಇಲ್ಲಿಗೆ ಬಂದರು. ಮೈಯಳತೆ ತಿಳಿದವರು, ಸ್ಟಾಕನ್ನೂ ನೋಡಿ ಎಂದರು ಕೋಚ್. ನೋಡಿದರು. ಮೊದಲ ವರ್ಷವೇ ತಪ್ಪಿದರು.

"ಮಕ್ಕಳ ಬಟ್ಟೆಗೆ, ಬೆಳೀತಾವೆ ಅಂತ ಒಂದಿಂಚು ಬಿಡ್ತೀವಲ್ಲ, ಅದೇ ಕೈ. ಸ್ಟಾಕಿಗೂ ಬಿಟ್ಟುಬಿಟ್ಟೆ."

ಆ ಸ್ಟಾಕ್ ಹಿಡಿದ ಹುಡುಗನಿಗೆ ಹನ್ನೊಂದು ವರ್ಷ. ಸ್ಟಾಕ್ ಉದ್ದವಾಗಿ, ತೋಳು ಸಾಲದೆ, ಬೆನ್ನು ಹಿಂದಕ್ಕೆ ಬಾಗಿಸಿ ನಿಂತಿದ್ದ. ನಾಲ್ಕನೆಯ ಸಲಕ್ಕೆ ಕೈ ಸೋತಿತು. ಸ್ಟಾಕ್ ಭುಜದಿಂದ ಜಾರಿತು, ನಳಿಗೆ ಕೆಳಗೆ ಬಾಗಿತು, ಬೆರಳು ಟ್ರಿಗರ್ ಮೇಲೆಯೇ ಇತ್ತು. ಪಕ್ಕದ ಸಾಲಿನ ಹುಡುಗಿಯ ಪಾದದಿಂದ ಒಂದು ಗೇಣು ದೂರದಲ್ಲಿ ಗುಂಡು ಬಡಿದು ಸಿಮೆಂಟು ಕಿತ್ತುಹೋಯಿತು. ಯಾರಿಗೂ ಏನೂ ಆಗಲಿಲ್ಲ.

"ಎಲ್ಲರೂ ಅವನನ್ನ ಬೈದ್ರು. ಅವನು ನನ್ನ ಮುಖ ನೋಡ್ದ. ಉದ್ದ ಆಗಿದೆ ಅಂತ ಪಾಪದ್ದಕ್ಕೆ ಗೊತ್ತಿತ್ತು. ಹೇಳೋಕೆ ಹೆದರಿತ್ತು. ಕೋಚ್ ಹತ್ರ ಹೋಗಿ, ತಪ್ಪು ನಂದು ಅಂದೆ. ಆವತ್ತು ಹತ್ತಿದ ಹೆದರಿಕೆ ನೋಡಿ, ಇನ್ನೂ ಬಿಟ್ಟಿಲ್ಲ."

ಇವತ್ತು ಮೇಜಿನ ಮೇಲೆ ಎರಡು ಸ್ಟಾಕ್‌ಗಳಿವೆ. ಎರಡನ್ನೂ ಬೇಕಾದಂತೆ ಹೊಂದಿಸಬಹುದು. ಒಂದು ಹೊಳೆಯುವ ಅಲ್ಯೂಮಿನಿಯಮ್ಮಿನದು, ಅಪ್ಪನ ಆಯ್ಕೆ. ಇನ್ನೊಂದು ಕ್ಲಬ್ಬಿನ ಹಳೆಯ ಮರದ್ದು, ಉದ್ದ ಹೆಚ್ಚುಕಡಿಮೆ ಮಾಡಲು ಹಿಂಬದಿಯಲ್ಲಿ ಕಳಚಿ ಕೂರಿಸಬಹುದಾದ ಮೂರು ಬಿಲ್ಲೆಗಳಿವೆ.

"ಅಡ್ಜಸ್ಟ್ ಆಗುತ್ತಲ್ಲಮ್ಮ. ಐದು ವರ್ಷ ಚಿಂತೆ ಇಲ್ಲ," ಎನ್ನುತ್ತಾರೆ ಅಪ್ಪ.

"ಉದ್ದ ಎಷ್ಟಾಗುತ್ತೆ ಅಂತ ಎಲ್ಲರೂ ಕೇಳ್ತಾರೆ. ಗಿಡ್ಡ ಎಷ್ಟಾಗುತ್ತೆ ಅಂತ ಕೇಳಿ. ಪುಟ್ಟಿ, ಜಾಕೆಟ್ ಹಾಕ್ಕೋ. ಅದೇ ಒಂದು ಬೆರಳಷ್ಟು ಜಾಗ ತಿನ್ನುತ್ತೆ."

ಅಲ್ಯೂಮಿನಿಯಮ್ ಸ್ಟಾಕನ್ನು ಪೂರ್ತಿ ಒಳಕ್ಕೆ ಸರಿಸಿ ರೈಫಲ್ಲಿಗೆ ಕೂರಿಸುತ್ತಾರೆ. ಹುಡುಗಿಯ ಎರಡೂ ಬೂಟುಗಳ ಮುಂಭಾಗದಡಿ ಬಟ್ಟೆ ಕತ್ತರಿಸುವ ಕಂದು ಕಾಗದದ ಪಟ್ಟಿ ಇಡುತ್ತಾರೆ. ಹುಡುಗಿ ಖಾಲಿ ರೈಫಲ್ ಎತ್ತಿ ಗುರಿ ಹಿಡಿಯುತ್ತಾಳೆ.

"ಸರಿಯಾಗಿದೆಯಾ?"

ಅವಳ ಕಣ್ಣು ಅಪ್ಪನ ಕಡೆ ಹೋಗಿ ಬರುತ್ತದೆ. "ಸರಿಯಾಗಿದೆ ಅಜ್ಜಿ."

ಅಳತೆಯಮ್ಮ ಕುಕ್ಕರುಗಾಲಲ್ಲಿ ಕೂತು ಕಾಗದ ಎಳೆಯುತ್ತಾರೆ. ಸಲೀಸಾಗಿ ಬಂದುಬಿಡುತ್ತದೆ. ಮೈಯ ಭಾರವೆಲ್ಲ ಹಿಮ್ಮಡಿಗೆ ಹೋಗಿದೆ. ಹುಡುಗಿ ಹಿಂದಕ್ಕೆ ಬಾಗಿದ್ದಾಳೆ, ಆ ಹುಡುಗನ ಹಾಗೆಯೇ. ಪೂರ್ತಿ ಗಿಡ್ಡ ಮಾಡಿದರೂ ಸ್ಟಾಕ್ ಅವಳಿಗೆ ಇನ್ನೂ ಉದ್ದ.

"ಇಳಿಸು ಪುಟ್ಟಿ, ನಿಧಾನ. ನಿಜ ಹೇಳು, ಬಂದೂಕಿಗೆ ಹೆದರ್ತೀಯಾ, ಅಪ್ಪನಿಗಾ?"

ಹುಡುಗಿ ರೈಫಲ್ಲನ್ನು ಮೇಜಿನ ಮೇಲಿಡುತ್ತಾಳೆ. "ಎರಡಕ್ಕೂ."

"ಬಂದೂಕಿಗೆ ಹೆದರು, ನಾನೂ ಹೆದರ್ತೀನಿ. ಅಪ್ಪನನ್ನ ನನಗೆ ಬಿಡು." ಎದ್ದು ಕಾಗದವನ್ನು ಅಪ್ಪನ ಕೈಗಿಡುತ್ತಾರೆ. "ಇವಳು ಸರಿಯಾಗಿದೆ ಅಂದಿದ್ದು ನನಗಲ್ಲ ಸ್ವಾಮಿ, ನಿಮಗೆ. ಎರಡು ವರ್ಷ ಬಿಟ್ಟು ಇದನ್ನೇ ತನ್ನಿ, ನಾನೇ ಕೂರಿಸ್ತೀನಿ. ಇವತ್ತು ಹಾಕಲ್ಲ. ಬೇಕಿದ್ರೆ ಕೋಚ್‌ಗೆ ಹೇಳಿ ನನ್ನ ಕೆಲಸ ತೆಗೆಸಿ."

ಅಪ್ಪ ಕಾಗದವನ್ನೂ ಮಗಳ ಕಾಲನ್ನೂ ನೋಡುತ್ತಾರೆ. ಹೊಳೆಯುವ ಸ್ಟಾಕ್ ಪೆಟ್ಟಿಗೆ ಸೇರುತ್ತದೆ.

ಮರದ ಸ್ಟಾಕಿನ ಮೂರೂ ಬಿಲ್ಲೆ ಕಳಚಿ, ರೈಫಲ್ಲಿಗೆ ಕೂರಿಸಿ, ಕೆನ್ನೆಯಿಡುವ ಹಲಗೆಯನ್ನು ತಿರುಪಿನಿಂದ ಅರ್ಧ ಸುತ್ತು ಏರಿಸಿ, ಅಳತೆಯಮ್ಮ ಹೊಸ ಪಟ್ಟಿಗಳನ್ನಿಡುತ್ತಾರೆ. ಹುಡುಗಿ ಕಣ್ಣು ಮುಚ್ಚಿ ರೈಫಲ್ ಎತ್ತಿ, ಕೆನ್ನೆಯಿಟ್ಟು, ಕಣ್ಣು ತೆರೆಯುತ್ತಾಳೆ. "ಅಯ್ಯೋ, ಗುರಿ ನಟ್ಟನಡುವೆ ಇದೆ!" ಈ ಸಲ ಎಳೆದರೆ ಕಾಗದ ಹರಿಯುತ್ತದೆಯೇ ಹೊರತು ಬರುವುದಿಲ್ಲ.

ಏಳಕ್ಕೆ ಕೋಚ್ ಬರುತ್ತಾರೆ. ಇನ್ನು ನಿಜವಾದ ಗುಂಡು, ಹತ್ತು. ಅಳತೆಯಮ್ಮ ಹಿಂದಿನ ಗೋಡೆಗೆ ಒರಗುತ್ತಾರೆ. ಪ್ರತಿ ಸದ್ದಿಗೂ ಕಣ್ಣು ಮುಚ್ಚಿ, ತೆರೆದು, ಗುರಿಹಲಗೆಯನ್ನಲ್ಲ, ನೆಲವನ್ನು ನೋಡುತ್ತಾರೆ. ಹತ್ತನೆಯದು ಮುಗಿದ ಮೇಲೆಯೇ ಗೋಡೆ ಬಿಟ್ಟು ಬರುತ್ತಾರೆ.

ಹುಡುಗಿ ಚೆನ್ನಾಗಿ ಹೊಡೆದಳೇ ಎಂದರೆ, ಅದು ಕೋಚ್‌ಗೆ ಗೊತ್ತು ಎನ್ನುತ್ತಾರೆ. ಅವರ ಆಸೆಯೇ ಬೇರೆ.

"ಇನ್ನು ಮೂರು ತಿಂಗಳಿಗೆ ಇವಳು ಬಂದು, ಅಜ್ಜಿ, ಇದು ನಂಗೆ ಹಿಡಿಸ್ತಿಲ್ಲ, ಚಿಕ್ಕದಾಗಿದೆ ಅಂತ ನನ್ನ ಜೊತೆ ಜಗಳ ಆಡ್ಬೇಕು. ಅವರಪ್ಪನ ಎದುರಿಗೇ, ಜೋರಾಗಿ ಆಡ್ಬೇಕು. ಅಷ್ಟೇ."