ಇರಾಕಿಗೆ ನೀರು ಹೊತ್ತ ಭಾವ

ನನ್ನ ಭಾವ ಹಿರಿಯೂರಿನ ಲಾರಿ ಡ್ರೈವರ್. ಕುರಿ ಕಾಯುವ ಮನೆತನದಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅವರೇ ಮೊದಲಿಗರು. ತೆಂಗಿನಕಾಯಿ ಲೋಡಿನೊಂದಿಗೆ ಮುಂಬೈವರೆಗೆ ಹೋಗಿಬರುತ್ತಿದ್ದವರಿಗೆ ಕುವೈತಿನಲ್ಲಿ ನೀರಿನ ಟ್ಯಾಂಕರ್ ಓಡಿಸುವ ಕೆಲಸ ಸಿಕ್ಕಿತು. ಹೋದ ಕೆಲವು ತಿಂಗಳಿಗೆ ಹೊಸದುರ್ಗದ ನನ್ನ ಶಾಲೆಗೆ ಫೋನ್ ಮಾಡಿದರು. ಆಗ ನಾನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು.

"ಮೇಷ್ಟ್ರೇ, ಗಡಿ ದಾಟಿ ಇರಾಕಿನಾಗೆ ಅಮೆರಿಕದೋರ ಕ್ಯಾಂಪಿಗೆ ನೀರು ಒಯ್ಯಬೇಕಂತೆ. ಹೋಗ್ಲೋ, ಬ್ಯಾಡ್ವೋ? ನಿಮ್ಮಕ್ಕಂಗೆ ಹೇಳಿಲ್ಲ."

"ಹೋಗ್ರಿ ಭಾವ. ಅಮೆರಿಕದೋರ ಜತೆ ಇರ್ತೀರಿ, ಅದಕ್ಕಿಂತ ಕಾವಲು ಬೇಕಾ? ಸರ್ವಾಧಿಕಾರಿನ ಇಳಿಸಿ ಜನಕ್ಕೆ ಓಟು ಕೊಡಾಕೆ ಬಂದಾರೆ ಅವರು."

"ಅಲ್ಲಿ ಜನ ಟ್ಯಾಂಕರ್ ನೋಡೋ ನೋಟನೇ ಬೇರೆ ಐತೆ ಅಂತಾರೆ ಹೋಗಿ ಬಂದೋರು. ಇರ್ಲಿ, ನೀನು ಓದಿದೋನು. ನೀನ್ ಹೇಳ್ದಂಗೆ ಆಗ್ಲಿ" ಎಂದು ಫೋನ್ ಇಟ್ಟುಬಿಟ್ಟರು.

ಮೂರನೆಯ ಸಲ ಗಡಿ ದಾಟಿದವರು ಶವದ ಪೆಟ್ಟಿಗೆಯಲ್ಲಿ ಬಂದರು. ಜೊತೆಗೊಂದು ಇಂಗ್ಲಿಷ್ ಕಾಗದ. ಅಕ್ಕ ಅದನ್ನು ಕನ್ನಡದಲ್ಲಿ ಓದು ಎಂದಳು. ಕರ್ತವ್ಯದ ವೇಳೆ ನಡೆದ ಘಟನೆಯೊಂದರಲ್ಲಿ ಮೃತರಾಗಿದ್ದಾರೆ ಎಂದಷ್ಟೇ ಇತ್ತು.

"ಘಟನೆ ಅಂದ್ರೆ ಏನಪ್ಪ? ಲಾರಿ ಬಿತ್ತಾ? ಗುಂಡು ಹೊಡೆದ್ರಾ?"

ಅವಳ ಪರವಾಗಿ ವರ್ಷಗಟ್ಟಲೆ ಪತ್ರ ಬರೆದೆ. ಭಾವನನ್ನು ಕೆಲಸಕ್ಕಿಟ್ಟಿದ್ದ ಗುತ್ತಿಗೆ ಕಂಪನಿಯವರು, ಅದು ಸೈನ್ಯಕ್ಕೆ ಸೇರಿದ ವಿಷಯ ಎಂದರು. ಅಮೆರಿಕದ ಸೈನ್ಯಕ್ಕೆ ಬರೆದರೆ, ಭದ್ರತೆಯ ಕಾರಣ ತಿಳಿಸಲಾಗದು ಎಂಬ ಎರಡು ಸಾಲು ಬಂತು. ಅಷ್ಟರಲ್ಲಿ, ಇರಾಕಿನಲ್ಲಿ ಇವೆ ಇವೆ ಎಂದು ಅಮೆರಿಕ ಯುದ್ಧ ಹೂಡಿದ್ದ ಭಯಂಕರ ಆಯುಧಗಳು ಅಲ್ಲಿಲ್ಲ ಎಂಬುದು ಪೇಪರಿನಲ್ಲೇ ಬಂದಿತ್ತು. ಆ ದಿನ ನನಗೆ ತರಗತಿಗೆ ಹೋಗಲಾಗಲಿಲ್ಲ.

ಒಂದು ಮಧ್ಯಾಹ್ನ ಕೇರಳದ ಡ್ರೈವರೊಬ್ಬ ಹೈವೇ ಬಿಟ್ಟು ಅಕ್ಕನ ಮನೆ ಹುಡುಕಿಕೊಂಡು ಬಂದ. ಅಂದು ನಾನೂ ಅಲ್ಲಿದ್ದೆ. ಭಾವನ ಹಿಂದಿನ ಟ್ಯಾಂಕರ್ ಓಡಿಸುತ್ತಿದ್ದವನಂತೆ. ಬೆಂಗಳೂರಿನಲ್ಲಿ ದುಡಿದು ಕಲಿತ ಕನ್ನಡದಲ್ಲಿ, ನಿಲ್ಲಿಸಿ ನಿಲ್ಲಿಸಿ ಹೇಳಿದ. ಒಂದು ಹಳ್ಳಿಯ ಬಳಿ ಕಾವಲಿನ ಸೈನಿಕರ ಕಡೆಯಿಂದಲೂ ಎದುರಾಳಿಗಳ ಕಡೆಯಿಂದಲೂ ಗುಂಡು ಹಾರಿದವು. ಯಾರ ಗುಂಡು ತಗುಲಿತೋ ಅವನಿಗೂ ಗೊತ್ತಿಲ್ಲ. ಗುಂಡಿನ ಸದ್ದು ನಿಂತಾಗ ಭಾವ ಸೀಟಿನಲ್ಲೇ ಒರಗಿದ್ದರು. ಟ್ಯಾಂಕರಿಗೆ ತೂತು ಬಿದ್ದು ನೀರು ರಸ್ತೆಗೆ ಹರಿಯುತ್ತಿತ್ತು. ಹಳ್ಳಿಯ ಹೆಂಗಸರು ಬಿಂದಿಗೆ, ಬಕೆಟ್ಟು ಹಿಡಿದು ಓಡಿ ಬಂದರು.

"ಆ ಊರಿನೋರಿಗೆ ನೀರಿರಲಿಲ್ವಾ?" ಎಂದು ಅಕ್ಕ ಕೇಳಿದಳು.

"ಇಲ್ಲ ಅಕ್ಕಾ. ಯುದ್ಧದಲ್ಲಿ ಪೈಪು ಹೋಗಿತ್ತು. ನಮ್ಮ ಟ್ಯಾಂಕರುಗಳು ದಿನಾ ಅವರ ಮುಂದೆಯೇ ಕ್ಯಾಂಪಿಗೆ ನೀರು ತಗೊಂಡು ಹೋಗ್ತಾ ಇದ್ವು."

ಅವನು ಹೊರಟ ಮೇಲೆ ಅಕ್ಕ, "ಯಾರು ಹೊಡೆದ್ರು ಅಂತ ಗೊತ್ತಾಗಿದ್ರೆ ಶಾಪ ಹಾಕ್ತಿದ್ದೆ. ಇಲ್ಲಾಂದ್ರೆ ಹೋಗ್ಲಿ ಅಂತ ಬಿಡ್ತಿದ್ದೆ. ಎರಡೂ ಇಲ್ದಂಗಾತಲ್ಲೋ" ಎಂದಳು.

ಆಗಲೇ ನಾನು ಆ ಫೋನಿನ ಮಾತು ಹೇಳಿಬಿಟ್ಟೆ. ಹೋಗಿ ಎಂದವನು ನಾನೇ ಎಂದೆ. ಅಕ್ಕ ಎದ್ದು ಒಳಗೆ ಹೋದಳು. ಆಮೇಲೆ ಎರಡು ವರ್ಷ ನನ್ನ ಮನೆಯ ಹೊಸಿಲು ತುಳಿಯಲಿಲ್ಲ.

ಈಗ ನಾನು ನಿವೃತ್ತ. ಟಿವಿಯಲ್ಲಿ ಯಾವುದೋ ದೇಶದ ಮೇಲೆ ಅಮೆರಿಕದ ವಿಮಾನಗಳು ಎಂದು ಬಂದಾಗಲೆಲ್ಲ, ಹೋಟೆಲಿನಲ್ಲಿ ಚಹಾ ಕುಡಿಯುತ್ತ ಜಗಳಕ್ಕೆ ಬೀಳುತ್ತೇನೆ. ಕೆಟ್ಟ ದೊರೆಗಳನ್ನು ಸುಮ್ಮನೆ ಬಿಡಬೇಕಾ ಎನ್ನುತ್ತಾರೆ. ಅವರನ್ನು ಇಳಿಸುವ ಹಕ್ಕು ಆ ನೆಲದ ಜನರದು ಎನ್ನುತ್ತೇನೆ. ಅಷ್ಟು ದೊಡ್ಡ ದೇಶ ಸೈನ್ಯ ಕಳಿಸುವ ಮೊದಲು ತನ್ನ ಪ್ರಜೆಗಳಿಗೆ ನಿಜ ಹೇಳಲಿ. ಸತ್ತವರು ಯಾರು, ಹೇಗೆ ಸತ್ತರು ಎಂಬುದನ್ನು ಮುಚ್ಚಿಡದಿರಲಿ, ಸತ್ತವನು ಬರೀ ನೀರು ಹೊತ್ತವನಾದರೂ ಸರಿ. ಕೆಲವರು ನಗುತ್ತಾರೆ. ಹೊಸದುರ್ಗದ ಹೋಟೆಲಿನ ಮಾತು ಅಲ್ಲಿಗೆ ಮುಟ್ಟೀತೇ ಎಂದು. ಮುಟ್ಟದು, ನನಗೂ ಗೊತ್ತು.

ಅಕ್ಕ ಈಗ ಬರುತ್ತಾಳೆ, ಆದರೆ ಊಟಕ್ಕೆ ನಿಲ್ಲುವುದಿಲ್ಲ. ಕಳೆದ ವಾರವೂ ಎಲೆ ಹಾಕಿದ ಮೇಲೆ ಚೀಲ ಎತ್ತಿಕೊಂಡಳು.

"ಒಂದು ತುತ್ತು ತಿಂದು ಹೋಗಕ್ಕ" ಎಂದೆ.

"ಬಸ್ಸಿಗೆ ಹೊತ್ತಾತು ಕಣೋ" ಎಂದಳು. ಹಿರಿಯೂರಿಗೆ ಬಸ್ಸುಗಳಿಗೇನೂ ಕೊರತೆಯಿಲ್ಲ.